ಐವತ್ತೆಂಟು ಮೈಲಿಯ ವೇಗ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, ತಾನು ಹೆಂಡತಿ ಮಕ್ಕಳೊಡನೆ ಅಮೆರಿಕದಲ್ಲಿ ಮೋಟಾರ್‌ಹೋಂ ಬಾಡಿಗೆಗೆ ಪಡೆದು ಪ್ರವಾಸ ಹೊರಡುವವನಿದ್ದೇನೆಂದು ತಿಳಿಸಿದ. "ಸಾರ್, ನೀವು ಹಾಗೆ ಹೋಗಿ ಬಂದವರು. ಹೈವೇಯಲ್ಲಿ ಎಷ್ಟು ವೇಗದಲ್ಲಿ ಓಡಿಸಿದರೆ ಸುಖ?" ಎಂದು ಕೇಳಿದ. "ಐವತ್ತೆಂಟು ಮೈಲಿ" ಎಂದಷ್ಟೇ ಹೇಳಿ ಮಾತು ಮುಗಿಸಿದೆ. ಆ ಅಂಕಿ ಎಲ್ಲಿಂದ ಬಂತು ಎಂಬುದನ್ನು ಹೇಳಲಿಲ್ಲ. ಅದರಲ್ಲಿ ನನ್ನ ತಪ್ಪೊಂದು ಸೇರಿಕೊಂಡಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನ ತರಗತಿಯಲ್ಲಿ ಕುಳಿತವರು ಓದಿ ನಕ್ಕರೆ ಬೇಸರವಿಲ್ಲ.

2023ರ ಜೂನ್ ತಿಂಗಳು. ನಾನು ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಒಂಬತ್ತು ದಿನ ರಜೆ ಹಾಕಿ, ನಮ್ಮಿಬ್ಬರನ್ನೂ ಯೆಲ್ಲೋಸ್ಟೋನ್ ಉದ್ಯಾನಕ್ಕೆ ಕರೆದೊಯ್ಯಲು ನಿಶ್ಚಯಿಸಿದ. ನನ್ನಾಕೆಗೆ ಅದಕ್ಕೆ ಹಿಂದಿನ ವರ್ಷವಷ್ಟೇ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿತ್ತು. ಕಾರಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಕೂರಲಾರಳು. ಬೇಕೆಂದಾಗ ನಿಲ್ಲಿಸಿ ಮಲಗುವುದಕ್ಕೆ ಹಾಸಿಗೆ, ಶೌಚಾಲಯ, ಒಲೆ ಎಲ್ಲವೂ ಇರುವ ವಾಹನವಾದರೆ ಆದೀತೆಂದು ಅವನು ಲೆಕ್ಕ ಹಾಕಿದ್ದ. ಹಾಗೆ ಬಂದದ್ದು ಇಪ್ಪತ್ತೈದು ಅಡಿ ಉದ್ದದ, ನಮ್ಮೂರಿನ ಮಿನಿಬಸ್ಸಿನಷ್ಟು ದೊಡ್ಡದಾದ, ಚಾಲಕನ ತಲೆಯ ಮೇಲೂ ಅಟ್ಟದಂತೆ ಒಂದು ಹಾಸಿಗೆ ಚಾಚಿಕೊಂಡಿರುವ ಬಂಡಿ. ತುಂಬಿದ ಮೇಲೆ ಐದು ಟನ್ನಿಗೆ ಕಡಿಮೆಯಿಲ್ಲ. ಅದರ ಮೇಲೆ ನನ್ನಾಕೆ ಹೇರಿದ ಅಕ್ಕಿ, ಕುಕ್ಕರು, ಉಪ್ಪಿನಕಾಯಿ, ಚಟ್ನಿಪುಡಿಯ ಸ್ಟೀಲ್ ಡಬ್ಬಿಗಳ ತೂಕ ಬೇರೆ.

ಮಗ ಮೊದಲ ದಿನ ಗಂಟೆಗೆ ಅರವತ್ತು ಮೈಲಿಯ ಆಸುಪಾಸಿನಲ್ಲೇ ಓಡಿಸಿದ. ಸ್ಯಾಕ್ರಮೆಂಟೊ ದಾಟಿ ಏಳು ಸಾವಿರ ಅಡಿಗೂ ಎತ್ತರದ ಡಾನರ್ ಕಣಿವೆಮಾರ್ಗವನ್ನು ಏರಿ, ರೀನೋ ಕಡೆಗೆ ಇಳಿಯುವಾಗ ಗೇರು ತಗ್ಗಿಸಿ, ಬ್ರೇಕಿನ ಮೇಲೆ ಕಾಲಿಡದೆ ಎಂಜಿನ್ನಿನ ಹಿಡಿತದಲ್ಲೇ ಬಂಡಿಯನ್ನು ಇಳಿಸಿದ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮಿನಿಬಸ್ ಓಡಿಸುವವರ ಹಳೆಯ ನಿಯಮ. ಇವನಿಗೆ ಅದನ್ನು ಯಾರು ಕಲಿಸಿದರೋ, ನಾನಂತೂ ಅಲ್ಲ.

ರೀನೋ ಬಿಟ್ಟ ಮೇಲೆ ನೆವಾಡಾದ ಮರುಭೂಮಿ. 80ನೆಯ ಅಂತರರಾಜ್ಯ ಹೆದ್ದಾರಿ ಸೂಜಿಯಿಂದ ಗೀರಿದಂತೆ ನೇರವಾಗಿ ಸಾಗುತ್ತದೆ. ಫರ್ನ್‌ಲಿಯಿಂದ ವಿನ್ನಮಕ್ಕಾವರೆಗೆ 2017ರಿಂದ ಅಲ್ಲಿಯ ವೇಗಮಿತಿ 80 ಮೈಲಿ, ಅಂದರೆ ಸುಮಾರು 129 ಕಿಲೋಮೀಟರು. ಕಾರುಗಳು ಸರಿ, ಹದಿನೆಂಟು ಚಕ್ರದ ಲಾರಿಗಳೂ ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದವು. ಒಂದು ಗಂಟೆ ಸುಮ್ಮನೆ ನೋಡಿದೆ. ಅದೇನು ತೋಚಿತೋ, "ಲಾರಿಗಳೂ ನಮ್ಮನ್ನು ಹಿಂದೆ ಹಾಕುತ್ತಿವೆಯಲ್ಲೋ, ಎಂಬತ್ತೆಂದು ಬರೆದಿದ್ದಾರಲ್ಲ" ಎಂದುಬಿಟ್ಟೆ. ಮಗ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮುಳ್ಳು 75ಕ್ಕೆ ಬಂದು ನಿಂತಿತು. ಅಪ್ಪಯ್ಯನಿಗೆ ನಿಧಾನವೆನಿಸಿತೆಂದು ಅವನಿಗೆ ತೋರಿರಬೇಕು. ನನಗೂ ಒಳಗೊಳಗೆ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಲವ್‌ಲಾಕ್ ಎಂಬ ಸಣ್ಣ ಊರು ಕಳೆದ ಮೇಲೆ ಎಡಗಡೆಯಿಂದ ಅಡ್ಡಗಾಳಿ ಆರಂಭವಾಯಿತು. ಮಗನ ಬೆರಳುಗಳು ಸ್ಟೀರಿಂಗಿನ ಮೇಲೆ ಬಿಳಿಚಿಕೊಂಡಿದ್ದವು. ಹಿಂದಿನ ಆಸನದಲ್ಲಿ ಬೆಲ್ಟು ಕಟ್ಟಿಕೊಂಡಿದ್ದ ನನ್ನಾಕೆ ಒಂದು ಕೈಯಿಂದ ಮೇಜಿನ ಅಂಚನ್ನು ಹಿಡಿದಿದ್ದಳು. ಇವೆರಡನ್ನೂ ನಾನು ಕಂಡೆ, ಕಂಡೂ ಸುಮ್ಮನಿದ್ದೆ. ಅಷ್ಟರಲ್ಲಿ ದೊಡ್ಡ ಲಾರಿಯೊಂದು ಎಡಕ್ಕೆ ಬಂತು. ಅದು ಪಕ್ಕದಲ್ಲಿದ್ದಷ್ಟು ಹೊತ್ತು ಗಾಳಿಗೆ ಗೋಡೆಯಾಗಿತ್ತು. ಮಗ ಗಾಳಿಗೆ ಎದುರಾಗಿ ಎಡಕ್ಕೆ ಹಿಡಿದಿದ್ದ ಸ್ಟೀರಿಂಗನ್ನು ಆಗ ಸಡಿಲಿಸಿದ್ದ. ಲಾರಿ ಮುಂದೆ ಸರಿದ ಕ್ಷಣವೇ ತಡೆದಿದ್ದ ಗಾಳಿಯೆಲ್ಲ ಒಮ್ಮೆಗೇ ನಮ್ಮ ಬಂಡಿಯ ಪಕ್ಕೆಗೆ ಬಡಿಯಿತು. ಬಂಡಿ ಬಲಕ್ಕೆ ಜಾರಿ, ರಸ್ತೆಯಂಚಿನ ಗೀರುಪಟ್ಟಿಯ ಮೇಲೆ ಚಕ್ರ ಹತ್ತಿ ಗರಗರನೆ ಸದ್ದಾಯಿತು. ಮಗ ಬ್ರೇಕು ಒತ್ತಲಿಲ್ಲ, ಸ್ಟೀರಿಂಗನ್ನು ಗಕ್ಕನೆ ತಿರುಗಿಸಲೂ ಇಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿ, ನಿಧಾನವಾಗಿ ಬಂಡಿಯನ್ನು ಸಾಲಿಗೆ ತಂದ. ನಮ್ಮನ್ನು ಉಳಿಸಿದ್ದು ಅದೇ. ಹಿಂದೆ ಕಪಾಟಿನ ಬಾಗಿಲು ತೆರೆದುಕೊಂಡು ಚಟ್ನಿಪುಡಿಯ ಡಬ್ಬಿ ನೆಲಕ್ಕುರುಳಿ, ಬಂಡಿಯ ತುಂಬ ಕೊಬ್ಬರಿ, ಇಂಗು, ಮೆಣಸಿನಕಾಯಿಯ ವಾಸನೆ ಹರಡಿತು. ನನ್ನಾಕೆ ಬೆನ್ನು ಹಿಡಿದುಕೊಂಡು ಕಣ್ಣುಮುಚ್ಚಿದ್ದಳು. ಏನಾಯಿತೆಂದು ಕೇಳಿದರೆ "ಏನಿಲ್ಲ" ಎಂದಳು. ಆ "ಏನಿಲ್ಲ" ಎಂಬುದರ ಅರ್ಥ ನಲವತ್ತು ವರ್ಷ ಸಂಸಾರ ಮಾಡಿದವನಿಗೆ ತಿಳಿಯದಿರುತ್ತದೆಯೇ?

ಆ ರಾತ್ರಿ ವಿನ್ನಮಕ್ಕಾದಲ್ಲಿ ತಂಗಿದೆವು. ಆಕೆ ಮಾತ್ರೆ ನುಂಗಿ ಮಲಗಿದ ಮೇಲೆ ತಂದೆ ಮಕ್ಕಳಿಬ್ಬರೂ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆವು. "ನಾನು ಹಾಗೆ ಹೇಳಬಾರದಿತ್ತು" ಎಂದೆ. ಅವನು "ಪರವಾಗಿಲ್ಲ ಅಪ್ಪಯ್ಯ, ನಿಮಗೆ ಬೇಜಾರಾಗ್ತಿದೆ ಅಂದ್ಕೊಂಡೆ" ಎಂದ. ನನಗೆ ನಾಚಿಕೆಯಾದದ್ದು ಆ ಮಾತಿಗಲ್ಲ. ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ಚಲನಶಕ್ತಿಯ ಸೂತ್ರ ಬರೆದವನು ನಾನು. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು, "ವರ್ಗ" ಎಂಬುದನ್ನು ಮರೆತವನಿಗೆ ಎರಡು ಅಂಕ ಖೋತಾ ಎಂದು ಎಷ್ಟು ಮಕ್ಕಳನ್ನು ಗದರಿದ್ದೇನೆ! ಆ ಹಗಲು ಅದನ್ನು ಮರೆತವನು ನಾನೇ.

ಮಗನಿಂದ ಕಾಗದ ಪಡೆದು ಲೆಕ್ಕ ಬರೆದೆ. ವೇಗ 60ರಿಂದ 75ಕ್ಕೆ ಏರಿದರೆ ಹೆಚ್ಚಳ ನಾಲ್ಕನೆಯ ಒಂದು ಭಾಗವಷ್ಟೇ. ಆದರೆ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ನೂರಕ್ಕೆ 56ರಷ್ಟು ಹೆಚ್ಚು. ಗಾಳಿಯ ಎದುರೊತ್ತಡವೂ ವೇಗದ ವರ್ಗದಂತೆಯೇ ಏರುವುದರಿಂದ ಅದೂ ಅಷ್ಟೇ ಹೆಚ್ಚು. ನಮ್ಮ ಬಂಡಿಯ ಮುಖವಾದರೋ ಕಾರಿನ ಮುಖದ ಮೂರ್ನಾಲ್ಕು ಪಟ್ಟು ಅಗಲ, ಗೋಡೆಯನ್ನು ನೂಕಿಕೊಂಡು ಹೋದಂತೆ. 75ರಲ್ಲಿ ಓಡಿದ ಆ ತುಸು ದೂರಕ್ಕೆ ಲೀಟರಿಗೆ ಮೂರು ಕಿಲೋಮೀಟರು ಸಿಕ್ಕಿತ್ತು. ಅದಕ್ಕೆ ಮೊದಲು ನಾಲ್ಕರ ಹತ್ತಿರ ಸಿಗುತ್ತಿತ್ತು. ಇನ್ನು ಉಳಿಯುವ ಸಮಯ? ವಿನ್ನಮಕ್ಕಾದಿಂದ ಎಲ್ಕೋಗೆ 124 ಮೈಲಿ. 75ರಲ್ಲಿ ಹೋದರೆ ಒಂದು ಗಂಟೆ 39 ನಿಮಿಷ, 60ರಲ್ಲಾದರೆ ಎರಡು ಗಂಟೆ 4 ನಿಮಿಷ. ಇಪ್ಪತ್ತೈದು ನಿಮಿಷ ಉಳಿಸುವುದಕ್ಕೆ ಇಷ್ಟೆಲ್ಲ.

ಮರುದಿನ ಬೆಳಿಗ್ಗೆ ಗಾಳಿ ಇಳಿದಿತ್ತು. ನಾವು ಪ್ರಯೋಗವನ್ನೇ ಮಾಡಿದೆವು. ಒಂದೊಂದು ವೇಗದಲ್ಲಿ ಹತ್ತು ಹತ್ತು ನಿಮಿಷ. ಹಿಂದೆ ಕುಳಿತ ನನ್ನಾಕೆಯೇ ಪರೀಕ್ಷಕಿ. 65ರಲ್ಲಿ ಆಕೆಯ ಮಾತು ಮುಂದಿನವರಿಗೆ ಕೇಳಿಸಬೇಕಾದರೆ ದನಿ ಎತ್ತಬೇಕಾಗುತ್ತಿತ್ತು, ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸಣ್ಣ ಏರು ಬಂದರೂ ಗೇರು ಮೇಲೆ ಕೆಳಗೆ ಹಾರುತ್ತಿತ್ತು. 50ಕ್ಕೆ ಇಳಿಸಿದರೆ ಬಂಡಿಗೆ ಸುಖ, ಆದರೆ ರಸ್ತೆಗೆ ಕಷ್ಟ. ಹಿಂದಿನಿಂದ ಬಂದವರು ನಮ್ಮ ಬೆನ್ನಿಗೆ ಬಂದು ಥಟ್ಟನೆ ಪಕ್ಕಕ್ಕೆ ಹಾಯಬೇಕಾಗುತ್ತಿತ್ತು. ಮಿತಿಮೀರಿದ ನಿಧಾನವೂ ಅಪಾಯವೇ. ಮಗನ ಕಣ್ಣು ಹಿಂಬದಿಯ ಕನ್ನಡಿ ಬಿಟ್ಟು ಕದಲಲಿಲ್ಲ.

62ರಲ್ಲಿ ಇನ್ನೊಂದು ಸಂಗತಿ ಕಂಡಿತು. ಅಂದು ನಮ್ಮನ್ನು ದಾಟುತ್ತಿದ್ದ ಲಾರಿಗಳಲ್ಲಿ ಹೆಚ್ಚಿನವು 65ರ ಹತ್ತಿರ ಓಡುತ್ತಿದ್ದವು. ಅವುಗಳಿಗೂ ನಮಗೂ ಅಂತರ ಮೂರೇ ಮೈಲಿಯಾದರೆ, ಲಾರಿ ನಮ್ಮ ಪಕ್ಕದಿಂದ ಪೂರ್ತಿ ದಾಟುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ಸೆಕೆಂಡು ಬೇಕು. ಅಷ್ಟು ಹೊತ್ತೂ ಅದರ ಗಾಳಿಯ ಎಳೆತದಲ್ಲೇ ನಾವು. 58ಕ್ಕೆ ಇಳಿದರೆ ಒಂಬತ್ತೇ ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ. ಸಾಪೇಕ್ಷ ವೇಗವೆಂಬ ಪಾಠವನ್ನು ಎರಡು ರೈಲುಗಳ ಲೆಕ್ಕದಲ್ಲಿ ನಿಮಗೆಲ್ಲ ಕಲಿಸಿದ್ದೆನಲ್ಲ, ಅದೇ ಇದು. ದಾಟುವವನಿಗೆ ಬೇಗ ದಾರಿ ಬಿಟ್ಟರೆ ನಮಗೂ ನೆಮ್ಮದಿ. 58ರಲ್ಲಿ ಎಂಜಿನ್ನಿನ ಸುತ್ತು ಎರಡು ಸಾವಿರದ ಆಚೀಚೆ ನಿಂತು, ಸದ್ದು ಒಂದೇ ಶ್ರುತಿಗೆ ಇಳಿಯಿತು. ಮಗನ ಬೆರಳುಗಳು ಸಡಿಲವಾದವು. "ಇದು ಇರಲಿ" ಎಂದು ಹಿಂದಿನಿಂದ ಅಪ್ಪಣೆಯಾಯಿತು. ಗಾಳಿ ಎದ್ದರೆ ಅಲ್ಲಿಂದಲೂ ಐದು ಕಡಿಮೆ ಮಾಡುವುದು, ಹೆಚ್ಚಾದರೆ ನಿಲ್ಲಿಸಿ ಕಾಫಿ ಕಾಯಿಸುವುದು ಎಂದು ಗೊತ್ತುಮಾಡಿಕೊಂಡೆವು.

ಅಂದ ಹಾಗೆ, ಈ ದೇಶವಿಡೀ ಒಂದು ಕಾಲದಲ್ಲಿ 55ರಲ್ಲಿ ಓಡುತ್ತಿತ್ತೆಂದು ಮಗ ಹೇಳಿದಾಗ ನನಗೂ ನೆನಪಾಯಿತು. 1973ರ ತೈಲ ಬಿಕ್ಕಟ್ಟಿನ ನಂತರ, 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನಿನಂತೆ ರಾಷ್ಟ್ರದ ಗರಿಷ್ಠ ವೇಗಮಿತಿ 55 ಮೈಲಿಯಾಯಿತು. 1987ರಲ್ಲಿ ಹಳ್ಳಿಗಾಡಿನ ಅಂತರರಾಜ್ಯ ಹೆದ್ದಾರಿಗಳಿಗೆ 65ಕ್ಕೆ ಏರಿಸಿಕೊಳ್ಳುವ ಅವಕಾಶ ಸಿಕ್ಕಿತು, 1995ರಲ್ಲಿ ಕಾನೂನೇ ರದ್ದಾಯಿತು. ಜನ ಅದನ್ನು ಶಪಿಸುತ್ತಲೇ ಓಡಿಸಿದರಂತೆ. ಇಂಥ ಬಂಡಿಯಲ್ಲಿ ಕುಳಿತಿದ್ದರೆ ಶಪಿಸುತ್ತಿರಲಿಲ್ಲವೇನೋ.

ಯೂಟಾ ರಾಜ್ಯ ಹೊಕ್ಕ ಕೂಡಲೇ ಬಾನವಿಲ್ ಉಪ್ಪಿನ ಬಯಲು. ಹಾಲು ಚೆಲ್ಲಿದಂಥ ಬಿಳುಪು, ದಿಗಂತದವರೆಗೂ. 1970ರ ಅಕ್ಟೋಬರಿನಲ್ಲಿ ಗ್ಯಾರಿ ಗ್ಯಾಬೆಲಿಕ್ ಎಂಬಾತ 'ಬ್ಲೂ ಫ್ಲೇಮ್' ಎಂಬ ರಾಕೆಟ್ ಕಾರಿನಲ್ಲಿ ಗಂಟೆಗೆ 622 ಮೈಲಿಗೂ ಮೀರಿ ಧಾವಿಸಿ ವಿಶ್ವದಾಖಲೆ ಮಾಡಿದ ನೆಲ ಅದು. ಅದರ ಮಗ್ಗುಲಿನಲ್ಲೇ ನಾವು 58ರಲ್ಲಿ ಹಾದುಹೋದೆವು. ಬಲಗಡೆಯ ಸಾಲಿನಲ್ಲಿ ನಮ್ಮದು ಹೋಳಿಗೆಯೂಟ ಮುಗಿಸಿದವರ ನಡಿಗೆ. ಎಷ್ಟು ವಾಹನಗಳು ದಾಟಿದವೋ ನಾನು ಎಣಿಸಲಿಲ್ಲ. ಹಿಂದಕ್ಕೆ ತಿರುಗಿ ನೋಡಿದರೆ ನನ್ನಾಕೆ ಬೆನ್ನಿಗೆ ದಿಂಬು ಕೊಟ್ಟು, ಬಾಯಿ ತುಸು ತೆರೆದುಕೊಂಡು, ಗಾಢ ನಿದ್ರೆಯಲ್ಲಿದ್ದಳು. ಮಗ ಕನ್ನಡಿಯಲ್ಲಿ ಅದನ್ನು ಕಂಡು ನನ್ನ ಕಡೆ ನೋಡಿದ. ಇಬ್ಬರೂ ಮಾತನಾಡಲಿಲ್ಲ.

ಯೆಲ್ಲೋಸ್ಟೋನಿನ ಒಳಗೆ ಎಲ್ಲರಿಗೂ ವೇಗಮಿತಿ 45 ಮೈಲಿ. ಕಾಡೆಮ್ಮೆಗಳು ರಸ್ತೆಗೆ ಬಂದರೆ ಅದೂ ಇಲ್ಲ. ಅಲ್ಲಿಯ ಬಿಸಿನೀರ ಬುಗ್ಗೆಗಳ ವರ್ಣನೆಯನ್ನು ಇನ್ನೊಮ್ಮೆ ಬರೆಯುತ್ತೇನೆ.

ಹಿಂತಿರುಗುವಾಗ ಲವ್‌ಲಾಕಿನ ಬಳಿ ನನ್ನಾಕೆ ಕಿಟಕಿಯಿಂದ ಹೊರಗೆ ನೋಡುತ್ತ, "ಇಲ್ಲೇ ಅಲ್ಲವೇನ್ರೀ ನನ್ನ ಚಟ್ನಿಪುಡಿ ಹೋದದ್ದು?" ಎಂದಳು. ಹೌದೆಂದೆ. ಗುಡಿಸಿ ಒರೆಸಿದ್ದರೂ ಆಸನದ ಸಂದಿಗಳಲ್ಲಿ ಅದು ಉಳಿದುಕೊಂಡಿತ್ತು. ಬಂಡಿಯನ್ನು ಒಪ್ಪಿಸಿಕೊಳ್ಳಲು ಬಂದ ಹುಡುಗ ಒಳಗೆ ಹತ್ತಿ, ಒಂದು ಗಳಿಗೆ ಮೂಗರಳಿಸಿ ನಿಂತು, ಇದೇನು ಇಷ್ಟು ಒಳ್ಳೆಯ ವಾಸನೆ ಎಂದು ಕೇಳಿದ. ಕೊನೆಯಲ್ಲಿ ಉಳಿದಿದ್ದ ಇನ್ನೊಂದು ಡಬ್ಬಿಯನ್ನು ನನ್ನಾಕೆ ಅವನ ಕೈಗೆ ಕೊಟ್ಟುಬಿಟ್ಟಳು.