ಅಕ್ಷರಕ್ಕೂ ರೊಕ್ಕ ಕೇಳುವ ಅಂಗಡಿ

ನಮ್ಮ ಕಡೆ ಬೋರ್ಡಿನ ಮೇಲೆ ‘ಡಿಸೈನ್ ಸ್ಟುಡಿಯೊ’ ಅಂತ ಇರುತ್ತದೆ, ಒಳಗೆ ಮಾರುವುದು ಚದರಡಿ ಲೆಕ್ಕದ ಫ್ಲೆಕ್ಸ್. ಗಿರಾಕಿ ಉದ್ದ ಅಗಲ ಅಳೆದು ರೊಕ್ಕ ಕೊಡುತ್ತಾನೆ, ಡಿಸೈನು ಪುಕ್ಕಟೆ. ಬಹಳಷ್ಟು ಅಂಗಡಿಗಳು ವರ್ಷದೊಳಗೆ ಶಟರ್ ಎಳೆಯುವುದು ಇದೇ ಕಾರಣಕ್ಕೆ.

ಹಬ್ಬದ ಪುರವಣಿಗೆ ಜಾಹೀರಾತು ಮಾಡಿಸಲು ನಾನು ಹೋಗುವ ಠಾಣಾ ಕುಶನೂರಿನ ಅಂಗಡಿ ಮಾತ್ರ ಇನ್ನೂ ನಡೆದಿದೆ, ಲಾಭದಲ್ಲೇ ಇದೆ. ಹೈದರಾಬಾದಿನ ಪ್ರೆಸ್ಸಿನಲ್ಲಿ ಕೆಲಸ ಕಲಿತು ಬಂದ ಹುಡುಗ ಡಿಸೈನಿಗೆ ಬೇರೆ, ಪ್ರಿಂಟಿಗೆ ಬೇರೆ ಬಿಲ್ಲು ಹಾಕುತ್ತಾನೆ. ‘ನಾಕ್ ಅಕ್ಷರ ಹೊಡ್ಯಾಕ ರೊಕ್ಕ ಯಾಕೋ ತಮ್ಮಾ?’ ಅಂತ ಒಬ್ಬರು ಕೇಳಿದರು. ‘ಹೊಡ್ಯಾದು ಪುಕ್ಕಟ್ರಿ ಕಾಕಾ, ಎಲ್ಲಿ ಹೊಡೀಬೇಕಂತ ನೋಡಾದಕ್ಕ ರೊಕ್ಕ’ ಅಂದ.

ಅವನ ಲೆಕ್ಕ ಸರಳ. ಹತ್ತಡಿಗೆ ನಾಲ್ಕಡಿ ಬ್ಯಾನರ್ ಅಂದರೆ 40 ಚದರಡಿ. ಪಕ್ಕದ ಅಂಗಡಿಯವ ಅಡಿಗೆ ಒಂದು ರೂಪಾಯಿ ಇಳಿಸಿದ ಅಂತ ತಾನೂ ಇಳಿಸಿದರೆ 40 ರೂಪಾಯಿ ಹೋಯಿತು. ಆದರೆ ಬ್ಯಾನರ್ 20 ಚದರಡಿ ಇರಲಿ, 40 ಇರಲಿ, ಕಂಪ್ಯೂಟರ್ ಮುಂದೆ ಕೂಡುವ ಹೊತ್ತು ಅಷ್ಟೇ. ಅದಕ್ಕೇ ಅರ್ಧ ಅಡ್ವಾನ್ಸ್. ಎರಡು ಸಲ ತಿದ್ದುಪಡಿ, ಮೂರನೆಯದಕ್ಕೆ ಮತ್ತೆ ರೊಕ್ಕ. ಪ್ರೂಫಿನ ಮೇಲೆ ಗಿರಾಕಿಯ ಸಹಿ. ಮುಖಂಡರ ಫೋಟೊ ಸಾಲು ತಪ್ಪಿ ಜಗಳವಾದಾಗ ಅಂಗಡಿ ಉಳಿಸುವುದು ಆ ಸಹಿಯೇ.

ಗಡಿಯ ಊರಾದ್ದರಿಂದ ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡ, ಮರಾಠಿ ಎರಡೂ ಬೇಕಾಗುತ್ತವೆ. ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ್ದು ಆ ಫಾಂಟಿಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕಲಸುಮೇಲೋಗರ. ಹಾಗಾಗಿ ಪ್ರಿಂಟಿಗೆ ಕಳಿಸುವ ಮುಂಚೆ ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ ಮಾಡುತ್ತಾನೆ. ಕರ್ವ್ ಆದ ಮೇಲೆ ಅಕ್ಷರ ಬರೀ ಚಿತ್ರ, ಕಾಗುಣಿತ ತಿದ್ದಲು ಬರುವುದಿಲ್ಲ. ಅದಕ್ಕೆ ಮೂಲ ಫೈಲು ಬೇರೆ ಇಟ್ಟುಕೊಳ್ಳುತ್ತಾನೆ. ಈ ಎಚ್ಚರ ಯಾವ ಟೇಪಿನಲ್ಲೂ ಅಳತೆಗೆ ಸಿಗುವುದಿಲ್ಲ.

ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ನಿಷೇಧಿಸಿದಾಗ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಆದೇಶ ಎಷ್ಟು ಜಾರಿಯಾಯಿತೆಂದು ರಸ್ತೆ ನೋಡಿದರೆ ತಿಳಿಯುತ್ತದೆ. ಆದರೂ ಫ್ಲೆಕ್ಸ್ ಒಂದನ್ನೇ ನಂಬಿದವನ ಕೊರಳು ಯಾವತ್ತೂ ಆ ಕಾಗದದ ಕೆಳಗೇ. ಈ ಹುಡುಗ ಮಹಿಳಾ ಸಂಘದ ಜೋಳದ ರೊಟ್ಟಿಗೆ ಲೇಬಲ್, ಮೊಬೈಲಿನಲ್ಲಿ ಕಳಿಸುವ ಆಮಂತ್ರಣ ಮಾಡತೊಡಗಿದ. ಮೊಬೈಲ್ ಆಮಂತ್ರಣಕ್ಕೆ ಚದರಡಿ ಎಲ್ಲಿಯದು? ಅಲ್ಲಿ ಬೆಲೆ ಡಿಸೈನಿಗೆ ಮಾತ್ರ.

ಈ ಜಗ್ಗಾಟ ಜಿಲ್ಲೆಗೆ ಹೊಸದಲ್ಲ. ಬೀದರಿನ ಬಿದರಿ ಕಾರ್ಖಾನೆಗಳಲ್ಲೂ ಇದೆ. ಸತು, ತಾಮ್ರ ಕರಗಿಸಿ ಎರಕ ಹೊಯ್ದು, ಮೇಲೆ ಕೈಯಿಂದಲೇ ಹೂಬಳ್ಳಿ ಬರೆದು, ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪೇರಿಸುತ್ತಾರೆ. ಕೊಳ್ಳಲು ಬಂದವರ ಮೊದಲ ಪ್ರಶ್ನೆ, ‘ಬೆಳ್ಳಿ ಎಷ್ಟು ಗ್ರಾಂ?’ 2006ರಲ್ಲಿ ಭೌಗೋಳಿಕ ಸೂಚಕ ಬಂತು, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಗೆರೆಗೆ ಗೌರವ ಸಿಕ್ಕಿತು, ಬೆಲೆ ಕೇಳುವಾಗ ತಕ್ಕಡಿ ಇನ್ನೂ ಎದುರಿಗಿದೆ.

ನಮ್ಮ ಹುಡುಗರು ಪುಣೆ, ಹೈದರಾಬಾದಿನ ಬಸ್ಸು ಹತ್ತುವುದು ಕೈಯಲ್ಲಿ ಕಸುಬಿಲ್ಲದೆ ಅಲ್ಲ, ಇದ್ದ ಕಸುಬಿಗೆ ಇಲ್ಲಿ ದರ ಹೇಳಲು ಬಾಯಿ ಬಾರದೆ. ಊರಲ್ಲೇ ಇದ್ದು ಗಳಿಸುವವನು ಮೊದಲು ಕಲಿಯಬೇಕಾದದ್ದು ಆ ಮಾತು. ಸುದ್ದಿಯನ್ನು ಕಾಲಮ್ಮಿನ ಉದ್ದ ಅಳೆದು ರೊಕ್ಕ ತೆಗೆದುಕೊಳ್ಳುವ ನಮ್ಮಂಥ ಸ್ಟ್ರಿಂಗರ್‌ಗಳಿಗೂ ಅದು ಇನ್ನೂ ಬಂದಿಲ್ಲ.