ಅಜ್ಜಿಯ ಫೋಲ್ಡರ್

2018ರಲ್ಲಿ ನಮ್ಮತ್ತೆ ಸಾಗರದಿಂದ ನ್ಯೂಜೆರ್ಸಿಗೆ ಬಂದು ಆರು ತಿಂಗಳು ನಮ್ಮ ಜೊತೆಗಿದ್ದರು. ಮಗಳಿಗೆ ಆಗ ನಾಲ್ಕು ವರ್ಷ. ರಾತ್ರಿ ಅವರು ಹೇಳುತ್ತಿದ್ದ ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದೆ. ಒಟ್ಟು 41 ಫೈಲು. ಅತ್ತೆ ಈಗಿಲ್ಲ. ಲ್ಯಾಪ್‌ಟಾಪು ಕಪಾಟಿನಲ್ಲಿದೆ.

ಹನ್ನೊಂದು ತುಂಬಿದ ಮಗಳು ಕಳೆದ ತಿಂಗಳು ಕೇಳಿದಳು, ಇಂಗ್ಲಿಷಿನಲ್ಲೇ: ಅಜ್ಜಿಯ ದನಿ ಹೇಗಿತ್ತು?

ಪೆನ್‌ಡ್ರೈವಿಗೆ ಹಾಕಿ ಕೊಡಬಹುದಿತ್ತು. ಆದರೆ ನಾನು ಕೈಗೆ ಕೊಟ್ಟು "ಕನ್ನಡ ಕೇಳು" ಅಂದರೆ ಅದು ಹೋಮ್‌ವರ್ಕ್ ಆಗಿಬಿಡುತ್ತದೆ, ನಿಮಗೂ ಗೊತ್ತಲ್ಲ. ಅವಳ ಕಂಪ್ಯೂಟರಿನಿಂದಲೇ, ಅವಳಿಗೆ ಬೇಕೆನಿಸಿದಾಗ ಸಿಗುವಂತಿರಲಿ ಎಂದು ಆ ಫೋಲ್ಡರನ್ನು ಮನೆಯ ನೆಟ್‌ವರ್ಕಿನಲ್ಲಿ ಹಂಚಲು ಕೂತೆ. ಎರಡೂ ವಿಂಡೋಸ್. ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್. ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ, ಮೂರು ಸಂಜೆ ಹಿಡಿಯಿತು.

ಮೊದಲ ಸಂಜೆ, ಲ್ಯಾಪ್‌ಟಾಪು ನಮ್ಮ ವೈಫೈಯನ್ನು 'ಪಬ್ಲಿಕ್' ಅಂದುಕೊಂಡು ಯಾರಿಗೂ ಮುಖ ತೋರಿಸುತ್ತಿರಲಿಲ್ಲ, 'ಪ್ರೈವೇಟ್'ಗೆ ಬದಲಿಸಿದೆ. ಎರಡನೆಯ ಸಂಜೆ ಪಾಸ್‌ವರ್ಡಿನ ಗೋಳು. ದಿನಾ ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಲ್ಯಾಪ್‌ಟಾಪಿನಲ್ಲಿ ಮಗಳಿಗೇ ಒಂದು ಖಾತೆ ತೆರೆದು, ಓದಲು ಮಾತ್ರ ಅನುಮತಿ ಕೊಟ್ಟೆ. ಕೈತಪ್ಪಿ ಅಳಿಸಿದರೆ ಬೇರೆ ಪ್ರತಿ ಇರಲಿಲ್ಲ.

ಆದರೂ ಅವಳ ಕಂಪ್ಯೂಟರಿಗೆ ಲ್ಯಾಪ್‌ಟಾಪು ಕಾಣಲೇ ಇಲ್ಲ. ಮೂರನೆಯ ಸಂಜೆ ಹೊಳೆಯಿತು: ಸುರಕ್ಷತೆ ಅಂತ ಅವಳನ್ನು ಗೆಸ್ಟ್ ವೈಫೈಗೆ ಸೇರಿಸಿದ್ದು ನಾನೇ. ಗೆಸ್ಟ್ ವೈಫೈ ಇಂಟರ್ನೆಟ್ ಕೊಡುತ್ತದೆ, ಮನೆಯೊಳಗಿನ ಬೇರೆ ಕಂಪ್ಯೂಟರುಗಳನ್ನು ಮುಟ್ಟಲು ಬಿಡುವುದಿಲ್ಲ. ಎರಡು ವರ್ಷದಿಂದ ಹುಡುಗಿ ತನ್ನ ಮನೆಯಲ್ಲೇ ಅತಿಥಿಯಾಗಿದ್ದಳು.

ಬದಲಿಸಿದ ಕೂಡಲೇ ಫೋಲ್ಡರ್ ತೆರೆಯಿತು. ಹೆಸರುಗಳೆಲ್ಲ ಕನ್ನಡದಲ್ಲಿದ್ದವು. ಒಂದೊಂದೇ ಅಕ್ಷರ ಕೂಡಿಸಿ 'ಗುಬ್ಬಕ್ಕ' ಓದಿದಳು. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗಿ, ಅದು ಗುಬ್ಬಕ್ಕನ ಬಾಗಿಲು ತಟ್ಟುವ ಕಥೆ. ಅತ್ತೆ ನಿಧಾನವಾಗಿ ಹೇಳುತ್ತಿದ್ದಾರೆ, ಹಿಂದೆ ಕುಕ್ಕರ್ ಕೂಗುತ್ತಿದೆ. ಮಧ್ಯದಲ್ಲಿ ಒಂದು ಪುಟ್ಟ ದನಿ ನುಗ್ಗಿತು: "ಅಜ್ಜಿ, ಗುಬ್ಬಕ್ಕ ಯಾಕೆ ಬೇಗ ಬಾಗಿಲು ತೆಗೀಲಿಲ್ಲ? ಪಾಪ, ಅದು ನೆಂದುಹೋಗತ್ತಲ್ಲ!"

ಮಗಳು ಅಲ್ಲೇ ನಿಲ್ಲಿಸಿದಳು. "ಯಾರದು?"

"ನೀನೇ."

ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು. ಮತ್ತೊಮ್ಮೆ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ವಾಟ್ ಡಿಡ್ ಐ ಸೇ?" ಅಂದಳು. ಅರ್ಥ ಹೇಳಿದೆ. ಹೇಳುವಾಗ ನನ್ನ ದನಿ ಸರಿ ಇರಲಿಲ್ಲ.

ಈಗ ಒಂಬತ್ತನೆಯ ಫೈಲಿನಲ್ಲಿದ್ದಾಳೆ. ಫೋಲ್ಡರಿಗೆ ತಾನೂ ಏನೋ ಹಾಕಬೇಕು, ಅನುಮತಿ ಕೊಡು ಅಂತ ಮೊನ್ನೆ ಕೇಳಿದಳು. ಏನು ಅಂದರೆ ಹೇಳಲೊಲ್ಲಳು. ಶನಿವಾರ ಎಕ್ಸ್‌ಟರ್ನಲ್ ಡಿಸ್ಕಿಗೆ ಎಲ್ಲದರ ಪ್ರತಿ ತೆಗೆದು, ಆಮೇಲೆ ಕೊಡುತ್ತೇನೆ.