ಎರಡು ಸಾವಿರ ಪುಟದ ಮೇಷ್ಟ್ರು

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಧಿಕೃತ ಮ್ಯಾನ್ಯುಯಲ್ಲನ್ನು ಪಿಡಿಎಫ್ ಆಗಿ ಇಳಿಸಿಕೊಂಡರೆ ಎರಡು ಸಾವಿರ ಪುಟಕ್ಕೂ ಮೇಲಿದೆ. ದುಡ್ಡು ಕೊಡಬೇಕಿಲ್ಲ. ಅದನ್ನ ಕೂತು ಓದ್ತೀನಿ ಅಂದಾಗ ಆಫೀಸಲ್ಲಿ ಎಲ್ಲರೂ ನಕ್ಕರು. "ಅದು ಓದೋ ಪುಸ್ತಕ ಅಲ್ಲಮ್ಮ, ಡಿಕ್ಷನರಿ ಇದ್ದ ಹಾಗೆ. ಬೇಕಾದಾಗ ತೆಗೆದು ನೋಡೋದು ಅಷ್ಟೆ."

ನಾನು ಓದಿದ್ದು ಬಿ.ಕಾಂ. ಹತ್ತನೇ ಕ್ಲಾಸಿನವರೆಗೆ ಹಾಸನದ ಹತ್ತಿರದ ಊರಲ್ಲಿ ಕನ್ನಡ ಮೀಡಿಯಂ. ಆಸ್ಪತ್ರೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡೋ ಸಣ್ಣ ಕಂಪನಿಯಲ್ಲಿ ಎರಡು ವರ್ಷ ಸಪೋರ್ಟ್ ಕೆಲಸದಲ್ಲಿದ್ದೆ. ಅಂದರೆ ರಾತ್ರಿ ಪಾಳಿ, ಫೋನು, "ಪ್ರಿಂಟ್ ಬರ್ತಿಲ್ಲ ಮೇಡಂ". ರಿಪೋರ್ಟ್ ಬರೆಯುತ್ತಿದ್ದ ಡೆವಲಪರ್ ಕೆಲಸ ಬಿಟ್ಟಾಗ ಮ್ಯಾನೇಜರ್ ಕರೆದು, "ಮೂರು ತಿಂಗಳು ನೀವೇ ನೋಡ್ಕೊಳ್ಳಿ. ಚೆನ್ನಾಗಿ ಆದ್ರೆ ಡೆವಲಪರ್ ಅಂತ ಮಾಡೋಣ. ಇಲ್ಲಾಂದ್ರೆ ವಾಪಸ್ ಸಪೋರ್ಟ್‌ಗೆ" ಅಂದರು. ಸಂಬಳದ ಮಾತು ಬಿಡಿ, ರಾತ್ರಿ ಮಲಗೋಕಾದರೂ ಆ ಕೆಲಸ ನನಗೆ ಬೇಕಿತ್ತು.

ಮೊದಲು ವಿಡಿಯೋ ನೋಡಿದೆ. ಅವರು ಮಾತಾಡೋ ಇಂಗ್ಲಿಷ್ ಕಿವಿಗೆ ಬೀಳುವಷ್ಟರಲ್ಲಿ ಮುಂದಿನ ಸ್ಕ್ರೀನ್ ಬಂದಿರುತ್ತೆ. ನಿಲ್ಲಿಸು, ಹಿಂದಕ್ಕೆ ಹೋಗು, ಮತ್ತೆ ನಿಲ್ಲಿಸು. ಎಐ ಕೇಳಿದರೆ ಉತ್ತರ ತಟ್ಟನೆ ಸಿಗುತ್ತೆ. ಆದರೆ ಅದು ಸರಿಯೋ ಅಲ್ಲವೋ ಅಂತ ಹೇಳೋಕೆ ನನಗೆ ಗೊತ್ತಿರಬೇಕಲ್ಲ? ಬರೆದ ಇಂಗ್ಲಿಷ್ ಹಾಗಲ್ಲ. ಒಂದು ವಾಕ್ಯದ ಮೇಲೆ ಹತ್ತು ನಿಮಿಷ ಕೂತರೂ ಅದು ಮುಖ ಸಿಂಡರಿಸಲ್ಲ. ಹಾಗಾಗಿ ನಾಗಸಂದ್ರದಿಂದ ಜಯನಗರಕ್ಕೆ ಮೆಟ್ರೋದಲ್ಲಿ ಹೋಗುವಾಗ ಮೊಬೈಲಲ್ಲಿ ಓದೋದು, ರಾತ್ರಿ ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ಪ್ರತಿ ಉದಾಹರಣೆಯನ್ನೂ ಕೈಯಾರೆ ಟೈಪ್ ಮಾಡೋದು. ಕಾಪಿ ಪೇಸ್ಟ್ ಮಾಡಲಿಲ್ಲ. ಅಮ್ಮ ಫೋನಲ್ಲಿ, "ಏನೇ ಅದು, ಮತ್ತೆ ಪರೀಕ್ಷೆ ಏನಾದ್ರೂ ಕಟ್ಟಿದ್ಯಾ?" ಅಂತ ಕೇಳಿದ್ದೂ ಆಯ್ತು.

ಇದನ್ನ ಓದೋಕೆ ಹೊರಟವರಿಗೆ ಒಂದು ಮಾತು: ಮುನ್ನುಡಿ ಹಾರಿಸಬೇಡಿ. ಚೌಕ ಕಂಸದೊಳಗಿದ್ದರೆ ಬೇಕಾದರೆ ಬರಿ, ಬೇಡದಿದ್ದರೆ ಬಿಡು. ಹೂ ಕಂಸದೊಳಗೆ ಗೆರೆ ಹಾಕಿ ಬೇರೆ ಮಾಡಿದ್ದರೆ ಅದರಲ್ಲಿ ಒಂದನ್ನ ಆರಿಸಲೇಬೇಕು. ಮೂರು ಚುಕ್ಕಿ ಇದ್ದರೆ ಹಿಂದಿನದನ್ನ ಮತ್ತೆ ಬರೆಯಬಹುದು. ಇಷ್ಟನ್ನ ಅಲ್ಲಿ ನಾಲ್ಕೇ ಸಾಲಲ್ಲಿ ಹೇಳಿಬಿಟ್ಟಿದ್ದಾರೆ. ಇದು ಗೊತ್ತಾದ ಮೇಲೆ ಸೆಲೆಕ್ಟ್ ಅನ್ನೋ ಆದೇಶದ ಪುಟ, ಮೊದಲು ರಂಗೋಲಿ ಥರ ಕಂಡಿದ್ದು, ಓದೋಕೆ ಬಂತು. ಆಮೇಲೆ ಟ್ಯುಟೋರಿಯಲ್ ಭಾಗ. ಹವಾಮಾನದ ಒಂದು ಪುಟ್ಟ ಟೇಬಲ್, ಆಲಿಸ್ ಖಾತೆಯಿಂದ ಬಾಬ್ ಖಾತೆಗೆ 100 ಡಾಲರ್. ಟ್ರಾನ್ಸಾಕ್ಷನ್ ಅಂದರೆ ಏನು ಅಂತ ಬಿ.ಕಾಂ. ಓದಿದವರಿಗೆ ಬೇಗ ತಲೆಗೆ ಹೋಗುತ್ತೆ: ಒಂದು ಕಡೆ ಖರ್ಚು ಬರೆದು ಇನ್ನೊಂದು ಕಡೆ ಜಮಾ ಬರೆಯದೆ ಪುಸ್ತಕ ಮುಚ್ಚೋ ಹಾಗಿಲ್ಲ.

ಎರಡನೇ ತಿಂಗಳಲ್ಲಿ ಒಂದು ಆಸ್ಪತ್ರೆಯ ಅಕೌಂಟ್ಸ್‌ನಿಂದ ಫೋನ್ ಬಂತು. ಬಿಲ್ ಬಾಕಿ ಇರೋ ರೋಗಿಗಳ ಪಟ್ಟಿ ಖಾಲಿ ಬರ್ತಿದೆ ಅಂತ. ಮೂರು ವಾರ ಅವರು, ಬಾಕಿ ಯಾರೂ ಉಳಿಸಿಕೊಂಡಿಲ್ಲ ಅಂತ ಖುಷಿಯಾಗಿದ್ದರಂತೆ! ಹಳೇ ಕ್ವೆರಿ ನೋಡಿದೆ. ಹಣ ಕಟ್ಟಿದವರ ಪಟ್ಟಿಯಲ್ಲಿ ಯಾರ ನಂಬರ್ ಇಲ್ಲವೋ ಅವರನ್ನ ತೋರಿಸು. 'ನಾಟ್ ಇನ್'. ಓದೋಕೆ ಸರಿಯಾಗೇ ಇದೆ, ವರ್ಷಗಟ್ಟಲೆ ಸರಿಯಾಗಿ ನಡೆದೂ ಇದೆ.

ನನಗೆ ನೆನಪಾಗಿದ್ದು ಒಂಬತ್ತನೇ ಅಧ್ಯಾಯ. ಅಲ್ಲಿ ನಲ್ ಬಗ್ಗೆ ಓದಿದ್ದೆ. ನಲ್ ಅಂದರೆ ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ, 'ಗೊತ್ತಿಲ್ಲ'. ಐದು ನಲ್‌ಗೆ ಸಮವೇ ಅಂತ ಕೇಳಿದರೆ ಹೌದು ಅಂತಲೂ ಬರಲ್ಲ, ಇಲ್ಲ ಅಂತಲೂ ಬರಲ್ಲ, ಮತ್ತೆ ನಲ್ಲೇ ಬರುತ್ತೆ. ನಾಟ್ ಇನ್ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಸಾಕು, "ಈ ರೋಗಿ ಪಟ್ಟಿಯಲ್ಲಿ ಇಲ್ಲ" ಅಂತ ಡೇಟಾಬೇಸ್ ಖಚಿತವಾಗಿ ಹೇಳಲಾರದು. ಯಾರಿಗೆ ಗೊತ್ತು, ಆ ಗೊತ್ತಿಲ್ಲದ ನಂಬರ್ ಇವರದ್ದೇ ಇರಬಹುದಲ್ಲ? ಹಾಗಾಗಿ ಒಬ್ಬರನ್ನೂ ತೋರಿಸಲ್ಲ. ಮೂರು ವಾರದ ಹಿಂದೆ ಆ ಆಸ್ಪತ್ರೆಯವರು ಔಷಧಿ ಕೌಂಟರನ್ನೂ ಇದೇ ಸಾಫ್ಟ್‌ವೇರ್‌ಗೆ ಸೇರಿಸಿದ್ದರು. ಹೊರಗಿನವರು ಮಾತ್ರೆ ಕೊಂಡು ದುಡ್ಡು ಕೊಟ್ಟರೆ ರೋಗಿ ನಂಬರ್ ಎಲ್ಲಿಂದ ಬರಬೇಕು? ಅಲ್ಲಿ ನಲ್ ಬಿತ್ತು. 'ನಾಟ್ ಎಕ್ಸಿಸ್ಟ್ಸ್' ಅಂತ ಬದಲಾಯಿಸಿದೆ, ಬಾಕಿಯವರೆಲ್ಲ ಸಾಲಾಗಿ ಬಂದರು. ಅಕೌಂಟ್ಸ್‌ನವರ ಖುಷಿ ಹೋಯ್ತು, ಪಾಪ.

ಆ ದಿನ ಇದನ್ನ ಹುಡುಕಿ ತೆಗೆಯೋಕೆ ಯಾವ ಪದ ಹಾಕಬೇಕು ಅಂತ ನನಗೆ ಗೊತ್ತಾಗ್ತಿರಲಿಲ್ಲ. "ಪಟ್ಟಿ ಖಾಲಿ ಬರ್ತಿದೆ" ಅಂತ ಹುಡುಕಿದರೆ ಸಾವಿರ ಕಾರಣ ಸಿಗುತ್ತೆ. ಮೊದಲೇ ಒಮ್ಮೆ ಕಣ್ಣಾಡಿಸಿದ್ದರಿಂದ ನಲ್ ಅಂತ ಹೊಳೆಯಿತು.

ಕನ್ನಡದವರಿಗೆ ಕೆಲಸಕ್ಕೆ ಬರುವ ಇನ್ನೊಂದು ವಿಷಯ. ಡಿಸ್ಚಾರ್ಜ್ ಪತ್ರದಲ್ಲಿ ಹೆಸರು ಕನ್ನಡದಲ್ಲಿ ಬೇಕು ಅಂತ ಒಬ್ಬರು ಕೇಳಿದರು. 'ಕನ್ನಡ' ಅಂತ ಬರೆದು ಅದರ ಉದ್ದ ಕೇಳಿ ನೋಡಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಪೋಸ್ಟ್‌ಗ್ರೆಸ್ 5 ಅನ್ನುತ್ತೆ, ಯುಟಿಎಫ್-8ರಲ್ಲಿ ಬೈಟ್ ಲೆಕ್ಕ ಕೇಳಿದರೆ 15. ಒತ್ತಕ್ಷರದ ಹಲಂತವನ್ನೂ ಅದು ಬೇರೆಯಾಗಿ ಎಣಿಸುತ್ತೆ. 'ಶ್ರೀನಿವಾಸಮೂರ್ತಿ' ನಮಗೆ ಆರು, ಅದಕ್ಕೆ 15. ಹೆಸರಿನ ಕಾಲಂಗೆ ಇಪ್ಪತ್ತು ಸಾಕು ಅಂತ ಇಂಗ್ಲಿಷ್ ಲೆಕ್ಕದಲ್ಲಿ ಇಟ್ಟರೆ ಅಪ್ಪನ ಹೆಸರು, ಊರಿನ ಹೆಸರು ಸೇರಿದಾಗ ಜಾಗ ಸಾಲಲ್ಲ. ಉದ್ದದ ಮಿತಿಯೇ ಇಲ್ಲದ 'ಟೆಕ್ಸ್ಟ್' ಇಟ್ಟರೂ ವೇಗ ಕಮ್ಮಿಯಾಗಲ್ಲ ಅಂತ ಮ್ಯಾನ್ಯುಯಲ್ಲೇ ಹೇಳುತ್ತೆ. ನಾನು ಟೆಕ್ಸ್ಟೇ ಇಟ್ಟೆ.

ಇಡೀ ಪುಸ್ತಕ ಓದಿದ್ದೀನಿ ಅಂತಲ್ಲ. ಏಳು ಭಾಗ, ಮೇಲೆ ಅನುಬಂಧ. ನಾನು ಮೊದಲೆರಡು ಭಾಗ ಓದಿದ್ದೇನೆ. ಒಳಯಂತ್ರದ ಕೊನೇ ಭಾಗ ತೆರೆದು, ನಮಸ್ಕಾರ ಹಾಕಿ ಮುಚ್ಚಿದೆ. ಒಂದು ಕೆಲಸವನ್ನಂತೂ ಈ ಮೇಷ್ಟ್ರು ಮಾಡಲ್ಲ. ಯಾವ ಮಾಹಿತಿ ಯಾವ ಟೇಬಲ್‌ಗೆ ಹೋಗಬೇಕು ಅಂತ ವಿಂಗಡಿಸೋದನ್ನ ಹೇಳಿಕೊಡಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಟೇಬಲ್‌ಗಳ ಈ ವಿಚಾರವನ್ನ ಪ್ರಬಂಧವಾಗಿ ಬರೆದರಂತೆ. ನನಗೆ ಅದು ಅರ್ಥವಾಗಿದ್ದು ಸೀನಿಯರ್ ಮೇಡಂ ಒಬ್ಬರು ಒಪಿಡಿ ಟೋಕನ್ ಪುಸ್ತಕ ಮುಂದಿಟ್ಟುಕೊಂಡು, "ಇಲ್ನೋಡಿ, ಡಾಕ್ಟರ್ ಹೆಸರು ಎಷ್ಟು ಸಲ ಬರೆದಿದ್ದಾರೆ, ಅವರ ಫೋನ್ ನಂಬರ್ ಬದಲಾದ್ರೆ ಎಷ್ಟು ಕಡೆ ತಿದ್ದಬೇಕು?" ಅಂತ ಕೇಳಿದಾಗ.

ಮೂರು ತಿಂಗಳು ಮುಗಿದು ಡೆವಲಪರ್ ಅಂತ ಪತ್ರ ಬಂತು. ರಾತ್ರಿ ಪಾಳಿ ತಪ್ಪಿತು. ಈಗ ಹೊಸ ತಲೆನೋವು: ಎರಡು ಕೌಂಟರಲ್ಲಿ ಒಂದೇ ಕ್ಷಣಕ್ಕೆ ಒಂದೇ ಹಾಸಿಗೆಯನ್ನ ಇಬ್ಬರು ರೋಗಿಗಳಿಗೆ ಕೊಟ್ಟುಬಿಡ್ತಿದ್ದಾರೆ. ಇಬ್ಬರ ಸ್ಕ್ರೀನಲ್ಲೂ ಆ ಹಾಸಿಗೆ ಖಾಲಿ ಅಂತಲೇ ಇರುತ್ತೆ. ಬೀಗ ಹಾಕೋ ವಿಚಾರ ಇರೋದು ಹದಿಮೂರನೇ ಅಧ್ಯಾಯದಲ್ಲಿ. ಈ ವಾರ ಮೆಟ್ರೋದಲ್ಲಿ ಅದೇ ನಡೀತಿದೆ.